ಜರೆಯ ಋಣ

ಪಂಪನ ಆದಿಪುರಾಣದಲ್ಲಿ ನೀಲಾಂಜನೆಯ ನೃತ್ಯವನ್ನು ಓದಿದವರಾರೂ ಅದನ್ನು ಮರೆಯಲಾರರು. ಜೈನರ ಮೊದಲ ತೀರ್ಥಂಕರನಾದ ಆದಿದೇವನ ಚಿತ್ತವು ಭೋಗದಿಂದ ವಿರಾಗದ ಕಡೆಗೆ ತಿರುಗಬೇಕಾದ ಕಾಲವು ಸಮೀಪಿಸಿರಲು, ಆಯುಸ್ಸು ಮುಗಿಯಬಂದಿದ್ದ ದೇವನರ್ತಕಿಯೊಬ್ಬಳನ್ನು ಇಂದ್ರನು ಆತನ ಆಸ್ಥಾನದಲ್ಲಿ ಆಡಲು ನಿಯಮಿಸುತ್ತಾನೆ. ಲಯವೂ ಅಭಿನಯವೂ ತುತ್ತತುದಿಗೇರಿರುವ ಹೊತ್ತಿನಲ್ಲಿಯೇ ಆಕೆಯ ದೇಹವು ಇದ್ದಕ್ಕಿದ್ದಂತೆ ಅಡಗಿಹೋಗುತ್ತದೆ. ರಸಭಂಗವಾಗದಿರಲೆಂದು ಇಂದ್ರನು ಅದೇ ಕ್ಷಣದಲ್ಲಿ ಅದೇ ರೂಪದ ಇನ್ನೊಬ್ಬಳನ್ನು ಅಲ್ಲಿ ನಿಲ್ಲಿಸುತ್ತಾನೆ. ಸಭೆಯೆಲ್ಲ ಮೊದಲಿನಂತೆಯೇ ನಲಿಯುತ್ತಿರುತ್ತದೆ, ಆದಿದೇವನೊಬ್ಬನು ಮಾತ್ರ ನಡೆದುದನ್ನು ಕಾಣುತ್ತಾನೆ. 941ರಲ್ಲಿ ರಚಿತವಾದ ಆ ಕಾವ್ಯದ ಈ ಸನ್ನಿವೇಶವನ್ನು ನಾವು ವೈರಾಗ್ಯದ ಪಾಠವೆಂದು ಓದುತ್ತ ಬಂದಿದ್ದೇವೆ. ಚರ್ಮಶಾಸ್ತ್ರದ ಪರಿಚಯವನ್ನು ಅಷ್ಟಿಷ್ಟು ಮಾಡಿಕೊಂಡವನಿಗೆ ಅದು ದೇಹದ ಯಥಾರ್ಥವರ್ಣನೆಯಾಗಿಯೂ ತೋರುತ್ತದೆ.

ನಮ್ಮ ಮೈಯ ಹೊರಪೊರೆಯ ಜೀವಕೋಶಗಳು ಆಳದಲ್ಲಿ ಹುಟ್ಟಿ, ಮೇಲೇರುತ್ತೇರುತ್ತ ಸತ್ತು, ಹೊಟ್ಟಾಗಿ ಉದುರಿ, ಹೆಚ್ಚುಕಡಮೆ ನಾಲ್ಕು ವಾರಗಳಲ್ಲಿ ತಮ್ಮ ಸ್ಥಾನವನ್ನು ಬೇರೆಯವಕ್ಕೆ ಬಿಟ್ಟುಕೊಡುತ್ತವೆ. ಕಳೆದ ಹುಣ್ಣಿಮೆಯಂದು ಕನ್ನಡಿಯಲ್ಲಿ ಕಂಡ ಕೆನ್ನೆಯ ಮೇಲ್ಪದರ ಈ ಹುಣ್ಣಿಮೆಯ ಹೊತ್ತಿಗೆ ಇಲ್ಲ. ಅದರ ಜಾಗದಲ್ಲಿ ಅದರಂಥದೇ ಇನ್ನೊಂದು ನಿಂತು ಹಳೆಯ ಹೆಸರಿಗೆ ಓಗೊಡುತ್ತಿದೆ. ಸುಶ್ರುತನು ಚರ್ಮಕ್ಕೆ ಏಳು ಪದರಗಳನ್ನು ಹೇಳಿ, ಎಲ್ಲಕ್ಕಿಂತ ಹೊರಗಿನದನ್ನು ಅವಭಾಸಿನೀ ಎಂದು ಕರೆದನು: ಬಣ್ಣವನ್ನೂ ಕಾಂತಿಯನ್ನೂ ಹೊರಗೆ ತೋರಿಸತಕ್ಕದ್ದು ಎಂದು ಅದರ ಅರ್ಥ. ಆದರೆ ಆ ತೋರಿಕೆಗೆ ಆಧಾರವಾದುದು ಒಳಗಿದೆ. ಒಳಚರ್ಮದ ನೀರನ್ನೆಲ್ಲ ಕಳೆದು ತೂಗಿದರೆ ಸುಮಾರು ಮುಕ್ಕಾಲು ಪಾಲು ಕೊಲಾಜನ್ ಎಂಬ ಪ್ರೋಟೀನೇ ಆಗಿರುತ್ತದೆ. ಅದರ ರಚನೆಯ ಗುಟ್ಟನ್ನು ಮೊದಲು ಬಿಡಿಸಿದವರು ಮದರಾಸು ವಿಶ್ವವಿದ್ಯಾನಿಲಯದಲ್ಲಿದ್ದ ಜಿ. ಎನ್. ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ. 1954-55ರಲ್ಲಿ ಅವರು ಕ್ಷ-ಕಿರಣಗಳ ಚಿತ್ರಗಳಿಂದ ಊಹಿಸಿ ತೋರಿಸಿದುದೇನೆಂದರೆ, ಕೊಲಾಜನ್ ಎಂಬುದು ಮೂರು ಎಳೆಗಳು ಒಂದನ್ನೊಂದು ಸುತ್ತಿಕೊಂಡಿರುವ ಹಗ್ಗ, ಮತ್ತು ಆ ಹೊಸೆತ ಎಷ್ಟು ಬಿಗಿಯೆಂದರೆ ಪ್ರತಿಯೊಂದು ಎಳೆಯಲ್ಲಿಯೂ ಮೂರಕ್ಕೊಂದು ಸ್ಥಾನದಲ್ಲಿ ಗ್ಲೈಸೀನೆಂಬ ಅತ್ಯಂತ ಚಿಕ್ಕ ಅಮೈನೋ ಆಮ್ಲವಲ್ಲದೆ ಬೇರಾವುದಕ್ಕೂ ಅಲ್ಲಿ ಎಡೆಯಿಲ್ಲ. ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಣುಜೀವಭೌತಶಾಸ್ತ್ರದ ವಿಭಾಗವನ್ನು ಕಟ್ಟಿದ ರಾಮಚಂದ್ರನ್ನರು ತಮ್ಮ ಉತ್ತರವಯಸ್ಸಿನಲ್ಲಿ ಜೈನರ ತರ್ಕವಾದ ಸ್ಯಾದ್ವಾದವನ್ನು ಗಣಿತದ ಭಾಷೆಗೆ ತರಲು ಯತ್ನಿಸಿದರೆಂಬುದು ಈ ಪ್ರಬಂಧದ ದಾರಿಗೆ ಹೊಂದಿಕೊಳ್ಳುವ ಸಂಗತಿ. ಅವರು ಕಂಡ ಹಗ್ಗಕ್ಕೆ ಕನ್ನಡದಲ್ಲಿ ಮುಪ್ಪುರಿ ಎಂಬ ಸಿದ್ಧವಾದ ಪದವೇ ಉಂಟು. ಮುಪ್ಪು, ಮುಪ್ಪುರಿ ಎಂಬೆರಡು ಮಾತುಗಳು ಕಿವಿಗೆ ನೆಂಟರಂತೆ ಕೇಳಿಸುತ್ತವೆ. ಆ ನೆಂಟಸ್ತನವನ್ನು ವ್ಯಾಕರಣ ಒಪ್ಪದಿದ್ದರೂ ಶರೀರಶಾಸ್ತ್ರ ಒಪ್ಪುತ್ತದೆ. ಮುಪ್ಪುರಿ ಹರಿದು ತೆಳುವಾಗುವುದೇ ಚರ್ಮದ ಮುಪ್ಪು.

ಈ ಹರಿಯುವಿಕೆಗೆ ಕಾರಣವು ಕಾಲವೊಂದೇ ಎಂದು ನಾವು ಭಾವಿಸುವುದುಂಟು. ಸುಶ್ರುತನು ಹಾಗೆ ಭಾವಿಸಲಿಲ್ಲ. ಹಸಿವು, ಬಾಯಾರಿಕೆ, ನಿದ್ರೆ, ಜರೆ, ಮೃತ್ಯು ಇವನ್ನು ಸ್ವಭಾವಬಲದಿಂದ ಬರುವವೆಂದು ಒಂದೆಡೆ ಕೂಡಿಸಿದ ಮೇಲೆ, ಇವುಗಳಲ್ಲಿಯೂ ಎರಡು ಬಗೆಯನ್ನು ಆತನು ಎಣಿಸಿದ್ದಾನೆ: ದೇಹವನ್ನು ರಕ್ಷಿಸಿಕೊಂಡರೂ ಬರತಕ್ಕವು ಕಾಲಕೃತ, ರಕ್ಷಿಸಿಕೊಳ್ಳದುದರಿಂದ ಬರತಕ್ಕವು ಅಕಾಲಕೃತ. ಈ ಭೇದವನ್ನು ಪರೀಕ್ಷಿಸಲು ಪ್ರಯೋಗಶಾಲೆ ಬೇಕಾಗಿಲ್ಲ. ವಯಸ್ಸಾದ ರೈತನೊಬ್ಬನ ಮುಂಗೈಯ ಹೊರಮೈಯನ್ನೂ, ತೋಳಿನ ಒಳಮಗ್ಗುಲನ್ನೂ ಹತ್ತಿರ ಹತ್ತಿರ ಇಟ್ಟು ನೋಡಿದರೆ ಸಾಕು. ಎರಡೂ ಒಂದೇ ದಿನ ಹುಟ್ಟಿದವು, ಒಂದೇ ಅನ್ನವನ್ನು ಉಂಡವು, ಆದರೆ ಒಂದು ಬಿರಿದ ಕೆರೆಯಂಗಳ, ಇನ್ನೊಂದು ಎಳೆಯ ಬಾಳೆಯ ಸುಳಿ. ನಡುವೆ ನಿಂತವನು ಸೂರ್ಯ. ಅವನ ಅತಿನೇರಳೆ ಕಿರಣಗಳು ತಾಗಿದೊಡನೆ ಚರ್ಮದ ಜೀವಕೋಶಗಳೇ ಕೊಲಾಜನ್ನನ್ನು ಕತ್ತರಿಸುವ ಕಿಣ್ವಗಳನ್ನು ಹೊರಡಿಸುತ್ತವೆಂಬುದನ್ನು 1990ರ ದಶಕದಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದವರು ವಿವರವಾಗಿ ತೋರಿಸಿದರು. ಮುಖದ ಮೇಲೆ ನಾವು ವಯಸ್ಸೆಂದು ಓದುವ ಬರಹದಲ್ಲಿ ಬಹುಪಾಲು ಬಿಸಿಲಿನ ಕೈಬರಹವೇ ಆಗಿದೆ.

ಆ ಕೈಬರಹವನ್ನು ಅಳಿಸಬಲ್ಲೆವೆಂದು ಹೇಳಿಕೊಂಡ ಮುಲಾಮುಗಳಿಗೆ ಲೆಕ್ಕವಿಲ್ಲ. ಸಾಕ್ಷ್ಯವನ್ನು ಒದಗಿಸಿದ ದ್ರವ್ಯಗಳು ಬೆರಳೆಣಿಕೆಯಷ್ಟು. ಅವುಗಳಲ್ಲಿ ಅಗ್ರಗಣ್ಯವಾದುದು ಎ ಜೀವಸತ್ವದ ಸಂತತಿಗೆ ಸೇರಿದ ಟ್ರೆಟಿನಾಯಿನ್ ಎಂಬ ಆಮ್ಲ. ಅದು ಜೀವಕೋಶದ ಹೊರಬಾಗಿಲಲ್ಲಿ ನಿಲ್ಲದೆ ಒಳಹೊಕ್ಕು, ಬೀಜಕೇಂದ್ರದಲ್ಲಿರುವ ತನ್ನದೇ ಆದ ಗ್ರಾಹಕಗಳನ್ನು ಹಿಡಿದು, ಕತ್ತರಿಸುವ ಕಿಣ್ವಗಳ ಕೆಲಸವನ್ನು ತಗ್ಗಿಸಿ, ಹೊಸ ಕೊಲಾಜನ್ನನ್ನು ನೇಯುವ ಕೆಲಸವನ್ನು ಪ್ರಚೋದಿಸುತ್ತದೆ. 1971ರಲ್ಲಿ ಅಮೆರಿಕದ ಸರಕಾರ ಅದಕ್ಕೆ ಅನುಜ್ಞೆ ಕೊಟ್ಟುದು ಮೊಡವೆಯ ಔಷಧವೆಂದು. ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದಲ್ಲಿ ಅದನ್ನು ರೂಢಿಗೆ ತಂದ ಚರ್ಮವೈದ್ಯ ಆಲ್ಬರ್ಟ್ ಕ್ಲಿಗ್‌ಮನ್ನನ ಬಳಿಗೆ ಬರುತ್ತಿದ್ದ ಪ್ರೌಢವಯಸ್ಸಿನ ಸ್ತ್ರೀಯರು, ಮೊಡವೆಯ ಜೊತೆಗೆ ಸುಕ್ಕೂ ತಗ್ಗಿತೆಂದು ಹೇಳಿದರು; 1986ರಲ್ಲಿ ಆತನು ಆ ವಿಷಯವಾಗಿ ಲೇಖನವನ್ನು ಪ್ರಕಟಿಸಿದನು. 1988ರಲ್ಲಿ ಮಿಷಿಗನ್ನಿನ ವೈದ್ಯರು 30 ಜನರ ಒಂದು ಮುಂಗೈಗೆ ಈ ಆಮ್ಲವನ್ನೂ ಇನ್ನೊಂದಕ್ಕೆ ಬರಿಯ ಲೇಪವನ್ನೂ, ಯಾವುದು ಯಾವುದೆಂಬುದು ವೈದ್ಯನಿಗೂ ತಿಳಿಯದಂತೆ ಹಚ್ಚಿ, 16 ವಾರಗಳ ತರುವಾಯ ಆಮ್ಲ ಹಚ್ಚಿದ ಕೈಯೇ ಮೇಲಾಗಿರುವುದನ್ನು ಕಂಡರು. 1995ರಲ್ಲಿ ಸುಕ್ಕಿಗೂ ಅನುಜ್ಞೆ ದೊರೆಯಿತು. ಅತಿಶಯೋಕ್ತಿ ಬೇಡ: ಅದು ಚರ್ಮವನ್ನು ಕೆಂಪೇರಿಸುತ್ತದೆ, ಸಿಪ್ಪೆ ಏಳಿಸುತ್ತದೆ, ಗರ್ಭಿಣಿಯರು ಅದನ್ನು ಹಚ್ಚಿಕೊಳ್ಳಬಾರದೆಂಬ ಎಚ್ಚರಿಕೆಯುಂಟು, ಕೆಲವು ಸುಕ್ಕುಗಳನ್ನು ತುಸು ತಗ್ಗಿಸುತ್ತದೆಯೇ ಹೊರತು ಮುಖಕ್ಕೆ ಮರುಜನ್ಮವನ್ನೇನೂ ಕೊಡುವುದಿಲ್ಲ. ಆಸ್ಟ್ರೇಲಿಯಾದ ನ್ಯಾಂಬರ್ ಎಂಬ ಊರಿನಲ್ಲಿ ನಾಲ್ಕೂವರೆ ವರ್ಷಗಳ ಕಾಲ ನಡೆದ ಪರೀಕ್ಷೆಯೊಂದರಲ್ಲಿ, ಪ್ರತಿದಿನವೂ ಬಿಸಿಲುತಡೆಯ ಲೇಪವನ್ನು ಹಚ್ಚಿಕೊಂಡವರ ಚರ್ಮವು ಮನಬಂದಾಗ ಹಚ್ಚಿಕೊಂಡವರದಕ್ಕಿಂತ 24 ಪ್ರತಿಶತ ಕಡಮೆ ಮುಪ್ಪಾದುದು ಕಂಡುಬಂದಿತು. ರಕ್ಷಣೆಯೇ ಮೊದಲ ಮದ್ದೆಂಬ ಸುಶ್ರುತನ ಸೂಚನೆಗೆ ಅಲ್ಲಿ ಅಂಕಿ ಸಿಕ್ಕಿತು.

ಇಷ್ಟು ಶಾಸ್ತ್ರವಿಚಾರ. ಇನ್ನು ಧರ್ಮವಿಚಾರಕ್ಕೆ ಬರಬೇಕು. ಜರೆಯ ಗುರುತನ್ನು ಮರೆಸಬಯಸುವುದು ದೋಷವೆ?

ಹೌದೆಂದು ವೈರಾಗ್ಯವಾದಿ ಹೇಳುತ್ತಾನೆ. ದೇಹ ನಶ್ವರ, ಅದನ್ನು ಸಿಂಗರಿಸುವುದು ಬೀಳುವ ಗೋಡೆಗೆ ಸುಣ್ಣ ಬಳಿದಂತೆ ಎಂದು ಅವನ ವಾದ. ಮಾತು ಗಂಭೀರವಾದುದೇ, ಆದರೆ ಅದನ್ನು ಆಡುವವರು ಸಾಮಾನ್ಯವಾಗಿ ಗಂಡಸರು, ಆಡಿಸಿಕೊಳ್ಳುವವರು ಹೆಂಗಸರು ಎಂಬುದನ್ನು ಗಮನಿಸಿದರೆ ಆ ಗಾಂಭೀರ್ಯ ಕೊಂಚ ಕುಂದುತ್ತದೆ. ಷಷ್ಟ್ಯಬ್ದಿಯ ಭಾವಚಿತ್ರಕ್ಕೆ ಕೂರುವ ಮುನ್ನ ಮೀಸೆಗೆ ಕಪ್ಪು ತೀಡಿಕೊಂಡ ಯಜಮಾನರಿಗೆ ನಶ್ವರತೆಯ ಉಪದೇಶವನ್ನು ಯಾರೂ ಮಾಡಿದ್ದನ್ನು ನಾನು ಕಂಡಿಲ್ಲ. ಅಲ್ಲದೆ ಸಂಪ್ರದಾಯವೆಲ್ಲ ತನ್ನ ಪಕ್ಷದಲ್ಲಿದೆಯೆಂದು ವೈರಾಗ್ಯವಾದಿ ಹೇಳಿಕೊಳ್ಳಲೂ ಆಗದು. ಜರಾಜೀರ್ಣನಾದ ಚ್ಯವನನಿಗೆ ಅಶ್ವಿನೀದೇವತೆಗಳು ತಾರುಣ್ಯವನ್ನು ಮರಳಿ ಕೊಟ್ಟರು. ಅದಕ್ಕಾಗಿ ಪುರಾಣಗಳು ಋಷಿಯನ್ನು ನಿಂದಿಸಲಿಲ್ಲ, ನಾವಾದರೋ ಅವನ ಹೆಸರಿನ ಲೇಹ್ಯವನ್ನು ಇಂದಿಗೂ ನೆಕ್ಕುತ್ತಿದ್ದೇವೆ. ಮದುಮಗಳಿಗೆ ಅರಿಸಿನ ಹಚ್ಚಿದ ಕೈ, ಹಬ್ಬಕ್ಕೆ ಎಣ್ಣೆಯೆರೆದ ಕೈ, ದೇಹವನ್ನು ತಿರಸ್ಕರಿಸಿದ ಕೈಯಲ್ಲ.

ದೋಷವಿಲ್ಲವೆಂದು ಭೋಗವಾದಿ ಹೇಳುತ್ತಾನೆ. ಮುಖ ನನ್ನದು, ಹಣ ನನ್ನದು, ಕನ್ನಡಿ ನನ್ನದು; ನಡುವೆ ನೀವಾರು ಎಂಬುದು ಅವನ ಪ್ರಶ್ನೆ. ಇದಕ್ಕೆ ಉತ್ತರ ಹೇಳುವುದು ಸುಲಭವಲ್ಲ, ಮತ್ತು ಬಹುಮಟ್ಟಿಗೆ ಹೇಳಬೇಕಾದುದೂ ಇಲ್ಲ.

ಆದರೆ ಈ ಎರಡು ವಾದಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ, ಪರಸ್ಪರ ವಿರುದ್ಧವಾದ ಇವೆರಡೂ ಒಂದು ವಿಷಯದಲ್ಲಿ ಏಕಮತವಾಗಿರುವುದು ಕಾಣುತ್ತದೆ: ಎರಡರಲ್ಲಿಯೂ ಕನ್ನಡಿಯ ಮುಂದಿರುವವನು ಒಬ್ಬನೇ. ಅವನ ಮೋಹ, ಅವನ ಮೋಕ್ಷ, ಅವನ ಹಕ್ಕು, ಇಷ್ಟರಲ್ಲಿಯೇ ಚರ್ಚೆ ಮುಗಿಯುತ್ತದೆ. ಮಹಾಭಾರತದ ಕವಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡಾಗ ಹಾಗೆ ಮಾಡಲಿಲ್ಲ. ಶುಕ್ರಾಚಾರ್ಯನ ಶಾಪದಿಂದ ಅಕಾಲದಲ್ಲಿ ಮುದುಕನಾದ ಯಯಾತಿಗೆ ದೊರೆತ ವಿನಾಯಿತಿ ಎಂಥದು? ಜರೆ ಇಲ್ಲವಾಗುವುದೆಂದಲ್ಲ, ಬೇರೊಬ್ಬನಿಗೆ ದಾಟಿಸಬಹುದೆಂದು ಮಾತ್ರ. ಜರೆಯನ್ನು ಅಳಿಸಲಾಗದು, ವರ್ಗಾಯಿಸಬಹುದು; ಒಬ್ಬನ ಮೈ ಬೆಳಗಬೇಕಾದರೆ ಇನ್ನೊಬ್ಬನ ಮೈ ಬಾಡಬೇಕು. ಯದು, ತುರ್ವಸು, ದ್ರುಹ್ಯು, ಅನು ಒಪ್ಪಲಿಲ್ಲ. ಕಿರಿಯವನಾದ ಪೂರು ಒಪ್ಪಿದನು. ನಾವು ಪೂರುವಿನ ಪಿತೃಭಕ್ತಿಯನ್ನು ಕೊಂಡಾಡಿ ಕಥೆಯನ್ನು ಮುಗಿಸುತ್ತೇವೆ, ಇಲ್ಲವೆ ಸಾವಿರ ವರ್ಷಗಳ ಭೋಗದ ಕೊನೆಗೆ ಯಯಾತಿಗೆ ಬಂದ ವಿವೇಕವನ್ನು ಕೊಂಡಾಡುತ್ತೇವೆ. ಒಪ್ಪದ ನಾಲ್ವರನ್ನು ತಂದೆ ಶಪಿಸಿದನೆಂಬುದನ್ನು ಮಾತ್ರ ಮರೆಯುತ್ತೇವೆ. ನಾಲ್ವರು ಅಣ್ಣಂದಿರ ನೆತ್ತಿಯ ಮೇಲೆ ಶಾಪ ಬಿದ್ದುದನ್ನು ಕಣ್ಣಾರೆ ಕಂಡು ಐದನೆಯವನು ಆಗಲಿ ಎಂದರೆ, ಆ ಸಮ್ಮತಿಯಲ್ಲಿ ಪ್ರೀತಿ ಎಷ್ಟು, ಭೀತಿ ಎಷ್ಟು? 1961ರಲ್ಲಿ ತರುಣ ಗಿರೀಶ ಕಾರ್ನಾಡರು ಈ ಕಥೆಯನ್ನು ನಾಟಕವಾಗಿಸಿದಾಗ ಪೂರುವಿಗೆ ಚಿತ್ರಲೇಖೆಯೆಂಬ ಹೆಂಡತಿಯನ್ನು ತಂದು, ಆಕೆ ಮುದುಕನಾದ ಗಂಡನನ್ನು ಒಪ್ಪಿಕೊಳ್ಳಲಾರದೆ ವಿಷ ಕುಡಿದು ಸಾಯುವಂತೆ ಮಾಡಿದರು. ದಾಟಿಸಿದ ಜರೆ ಹೊತ್ತವನೊಬ್ಬನ ಮೇಲೆಯೇ ನಿಲ್ಲುವುದಿಲ್ಲವೆಂಬುದು ಕನ್ನಡಿಗರಿಗೆ ಅಂದಿನಿಂದ ತಿಳಿದಿದೆ.

ಇದು ಪುರಾಣದ ಮಾತು ಮಾತ್ರವಾಗಿದ್ದರೆ ಇಲ್ಲಿ ಎತ್ತುತ್ತಿರಲಿಲ್ಲ. ಫಿಲಡೆಲ್ಫಿಯಾದಲ್ಲಿ ಹೋಮ್ಸ್‌ಬರ್ಗ್ ಎಂಬ ಸೆರೆಮನೆಯೊಂದಿತ್ತು. 1896ರಲ್ಲಿ ತೆರೆದುದು, ನಡುಮಂಟಪದಿಂದ ಗಾಲಿಯ ಅರಗಳಂತೆ ಕೋಣೆಗಳ ಸಾಲುಗಳು ಹೊರಟಿರುವ ಕಲ್ಲುಕಟ್ಟಡ. ಬಂದಿಗಳಲ್ಲಿ ಹರಡಿದ್ದ ಕಾಲಿನ ಬೂಷ್ಟುರೋಗಕ್ಕೆ ಸಲಹೆ ಬೇಕೆಂದು 1951ರಲ್ಲಿ ಕ್ಲಿಗ್‌ಮನ್ನನನ್ನು ಅಲ್ಲಿಗೆ ಕರೆಸಿಕೊಂಡರು. ಒಳಗೆ ಕಾಲಿಟ್ಟವನಿಗೆ ಕಂಡುದು ಮನುಷ್ಯರಲ್ಲ, ಎಕರೆಗಟ್ಟಲೆ ಚರ್ಮ. ಹದವಾದ ಹೊಲವನ್ನು ಮೊದಲ ಬಾರಿಗೆ ಕಂಡ ರೈತನಂತೆ ತನಗಾಯಿತೆಂದು ಆತನೇ ಮುಂದೆ ಪತ್ರಿಕೆಯವರೊಡನೆ ಹೇಳಿಕೊಂಡನು. 1974ರವರೆಗೆ ಅಲ್ಲಿ ಪ್ರಯೋಗಗಳು ನಡೆದವು. ಕಂಪನಿಗಳ ಸೋಪು, ಶಾಂಪು, ಲೇಪಗಳಿಂದ ಹಿಡಿದು ಡಯಾಕ್ಸಿನ್ನೆಂಬ ಘೋರವಿಷದವರೆಗೆ, ಸೈನ್ಯದವರಿಗಾಗಿ ಮನಸ್ಸನ್ನು ಕೆಡಿಸುವ ದ್ರವ್ಯಗಳವರೆಗೆ, ಎಲ್ಲಕ್ಕೂ ಬಂದಿಗಳ ಮೈಯೇ ಒರೆಗಲ್ಲಾಯಿತು. ಎ ಜೀವಸತ್ವದ ಆಮ್ಲದ ಆರಂಭದ ಪರೀಕ್ಷೆಗಳೂ ಆ ಗೋಡೆಗಳ ಒಳಗೆ ನಡೆದವು. ಸುಕ್ಕಿನ ಮೇಲಿನ ಪರೀಕ್ಷೆಗಳು ಸೆರೆಮನೆಯ ಬಾಗಿಲು ಮುಚ್ಚಿದ ಅನೇಕ ವರ್ಷಗಳ ಬಳಿಕ, ಹೊರಗಿನ ರೋಗಿಗಳ ಮೇಲೆ ನಡೆದವೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಆ ಪರೀಕ್ಷೆಗಳು ನಿಂತ ನೆಲಗಟ್ಟು ಯಾವುದೆಂಬುದನ್ನೂ ಅಷ್ಟೇ ನ್ಯಾಯವಾಗಿ ಹೇಳಬೇಕು.

ಬಂದಿಗಳು ಒಪ್ಪಿಯೇ ಮೈಯೊಡ್ಡಿದರು, ಕಾಗದಕ್ಕೆ ಸಹಿ ಹಾಕಿದರು, ಹಣ ಪಡೆದರು ಎಂಬ ಸಮಾಧಾನವುಂಟು. ಯಾರು ಆ ಬಂದಿಗಳು? ಬಹುಪಾಲು ಕಪ್ಪುಜನ, ಅವರಲ್ಲಿ ಅನೇಕರು ಅಪರಾಧ ಸಿದ್ಧವಾದವರೂ ಅಲ್ಲ, ಜಾಮೀನು ಕಟ್ಟಲು ಹಣವಿಲ್ಲದೆ ವಿಚಾರಣೆಗಾಗಿ ಕಾದು ಕುಳಿತವರು. ಸೆರೆಮನೆಯ ಬೇರಾವ ಕೆಲಸಕ್ಕೂ ದೊರೆಯದ ಕೂಲಿ ಬೆನ್ನೊಡ್ಡಿದರೆ ದೊರೆಯುತ್ತಿತ್ತು. ಏನನ್ನು ಹಚ್ಚುತ್ತಾರೆಂಬುದು ಹಲವರಿಗೆ ತಿಳಿದಿರಲಿಲ್ಲ. ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ನಾಜಿ ವೈದ್ಯರ ವಿಚಾರಣೆ ನಡೆಸಿದ ಅಮೆರಿಕದ ನ್ಯಾಯಾಧೀಶರೇ, ಮನುಷ್ಯನ ಸ್ವತಂತ್ರವಾದ ಸಮ್ಮತಿಯಿಲ್ಲದೆ ಅವನ ಮೇಲೆ ಪ್ರಯೋಗ ಸಲ್ಲದೆಂದು 1947ರಲ್ಲಿ ವಿಧಿಸಿದ್ದರು. ನಾಲ್ಕೇ ವರ್ಷಗಳಲ್ಲಿ ಅವರ ದೇಶದಲ್ಲಿಯೇ ಅದು ಪುಸ್ತಕದ ಮಾತಾಯಿತು. ಪೂರುವಿನ ಮುಂದೆ ಶಾಪವಿತ್ತು, ಇವರ ಮುಂದೆ ದಾರಿದ್ರ್ಯವಿತ್ತು. ಪೂರುವಿಗಾದರೂ ಕೊನೆಗೆ ಯೌವನ ಮರಳಿತು, ರಾಜ್ಯವೂ ಬಂದಿತು.

ಇಲ್ಲಿ ನನಗೆ ಚರಕಸಂಹಿತೆಯ ರಸಾಯನಾಧ್ಯಾಯವು ನೆನಪಾಗುತ್ತದೆ. ಜರೆಯನ್ನು ತಡೆಯುವ ಕುಟೀಪ್ರಾವೇಶಿಕವೆಂಬ ವಿಧಿಯೊಂದನ್ನು ಚರಕನು ಅಲ್ಲಿ ವಿವರಿಸಿದ್ದಾನೆ. ಒಂದರೊಳಗೊಂದು ಮೂರು ಗರ್ಭಗಳುಳ್ಳ, ಕಿರುಗಿಂಡಿಗಳ ಒಂದು ಕುಟಿಯನ್ನು ಕಟ್ಟಿಸಿ, ತಾರುಣ್ಯವನ್ನು ಬಯಸುವವನು ಶುದ್ಧನಾಗಿ, ಶುಭದಿನದಲ್ಲಿ, ತಾನೇ ಅದನ್ನು ಹೊಗಬೇಕು. ಗಾಳಿಬಿಸಿಲುಗಳನ್ನು ತೊರೆದು, ಔಷಧದ ಕಾಠಿಣ್ಯವನ್ನು ತಾನೇ ಸಹಿಸಬೇಕು. ಈ ವಿಧಿಯ ಫಲಶ್ರುತಿಯನ್ನು ಇಂದು ಅಕ್ಷರಶಃ ನಂಬಬೇಕೆಂದು ನಾನು ಹೇಳಲಾರೆ. ಆದರೆ ಅದರ ನ್ಯಾಯ ನೇರವಾದುದು: ಯಾರಿಗೆ ಫಲವೋ ಅವನಿಗೇ ಕ್ಲೇಶ. ಇಪ್ಪತ್ತನೆಯ ಶತಮಾನವೂ ಕುಟಿಯೊಂದನ್ನು ಕಟ್ಟಿತು, ಗರ್ಭದೊಳಗೆ ಗರ್ಭ, ಗೋಡೆಯೊಳಗೆ ಗೋಡೆ. ಒಳಗೆ ಹೊಕ್ಕವರು ಬೇರೆ, ಹೊರಗೆ ತರುಣರಾದವರು ಬೇರೆ. ಅದೇ ಅಧ್ಯಾಯದ ಕೊನೆಯ ಭಾಗದಲ್ಲಿ ಚರಕನು ಆಚಾರರಸಾಯನವೆಂಬುದನ್ನು ಹೇಳುತ್ತಾನೆ. ಸತ್ಯ, ಅಕ್ರೋಧ, ಅಹಿಂಸೆ, ಕರುಣೆ, ಆನೃಶಂಸ್ಯ ಇವುಗಳಿಂದ ಕೂಡಿದವನಿಗೆ ಆ ನಡತೆಯೇ ನಿತ್ಯರಸಾಯನವೆಂದು ಆತನ ಮತ. ಸಾಮಾನ್ಯ ಓದುಗನು ಇದನ್ನು ವೈದ್ಯಗ್ರಂಥದ ಅಂಚಿಗೆ ಹೊಲಿದ ನೀತಿಬೋಧೆಯೆಂದು ದಾಟಿಬಿಡುತ್ತಾನೆ; ನಾನೂ ಬಹುಕಾಲ ಹಾಗೆಯೇ ದಾಟಿದ್ದೆ. ಹೋಮ್ಸ್‌ಬರ್ಗಿನ ಕಥೆಯನ್ನು ತಿಳಿದ ಮೇಲೆ ಆಚಾರವು ಔಷಧಗಳ ಪಟ್ಟಿಯೊಳಗೆಯೇ ಏಕೆ ಬಂದಿತೆಂಬುದು ಅರ್ಥವಾಯಿತು. ಆನೃಶಂಸ್ಯವೆಂದರೆ ಕ್ರೂರನಾಗದಿರುವಿಕೆ, ಯಕ್ಷಪ್ರಶ್ನೆಯಲ್ಲಿ ಧರ್ಮರಾಜನು ಪರಮಧರ್ಮವೆಂದು ಹೆಸರಿಸಿದುದೂ ಅದನ್ನೇ. ಲೇಪದ ದ್ರವ್ಯಗಳಲ್ಲಿ ಒಂದನ್ನು ಬಿಟ್ಟರೂ ಲೇಪ ಕೆಡುವಂತೆ, ಅದೊಂದನ್ನು ಬಿಟ್ಟುದರಿಂದ ಈ ವಿದ್ಯೆ ಕೆಟ್ಟಿತು.

ಹಾಗಾದರೆ ಆ ಲೇಪವನ್ನು ತಿಪ್ಪೆಗೆ ಎಸೆಯಬೇಕೆ? ಎಸೆದರೆ ನಮ್ಮ ಕೈ ಶುದ್ಧವಾದಂತೆ ತೋರಬಹುದು, ಯಾರ ಬೆನ್ನೂ ಮಾಯುವುದಿಲ್ಲ. ಅಲ್ಲದೆ ಇದೇ ಆಮ್ಲವನ್ನು 1980ರ ದಶಕದಲ್ಲಿ ಷಾಂಘೈನ ವೈದ್ಯ ವಾಂಗ್ ಝೆನ್ಯಿ ಮತ್ತು ಸಂಗಡಿಗರು ರಕ್ತದ ಒಂದು ಬಗೆಯ ಘೋರ ಕ್ಯಾನ್ಸರಿಗೆ ಒಳಮದ್ದಾಗಿ ಕೊಟ್ಟು ಸಾವಿನ ದವಡೆಯಿಂದ ರೋಗಿಗಳನ್ನು ಎಳೆದು ತಂದರು. ಒಂದೇ ಅಣು ಒಬ್ಬರ ಸುಕ್ಕನ್ನೂ ಇನ್ನೊಬ್ಬರ ಸಾವನ್ನೂ ತಡೆಯುವಾಗ ವಿದ್ಯೆಯನ್ನು ಮಡಿ ಮೈಲಿಗೆಯೆಂದು ಗೆರೆಯೆಳೆದು ಒಡೆಯಲಾಗದು. ನಮ್ಮ ಹಿರಿಯರು ಇಂಥ ಎಡೆಯಲ್ಲಿ ಪಾಪವೆಂಬ ಮಾತಿಗಿಂತ ಋಣವೆಂಬ ಮಾತನ್ನು ಮುಂದಿಟ್ಟರು. ಹುಟ್ಟಿದವನು ದೇವತೆಗಳಿಗೆ, ಋಷಿಗಳಿಗೆ, ಪಿತೃಗಳಿಗೆ ಸಾಲಗಾರನಾಗಿಯೇ ಹುಟ್ಟುತ್ತಾನೆ. ಸಾಲ ಮಾಡಿದವನು ತಾನಲ್ಲವೆಂಬುದು ತೀರಿಸದಿರಲು ನೆಪವಾಗದು. ಪಾಪಕ್ಕೆ ನಾಚಿ ಮುಖ ತಿರುಗಿಸಬಹುದು, ಋಣಕ್ಕೆ ಮುಖ ತಿರುಗಿಸುವಂತಿಲ್ಲ. ಋಣಿಯಾದವನು ಮೊದಲು ಸಾಲ ಕೊಟ್ಟವನ ಹೆಸರನ್ನು ತಿಳಿದಿರಬೇಕು.

ಸುಮಾರು 300 ಮಂದಿ ಹಿಂದಿನ ಬಂದಿಗಳು 2000ದಲ್ಲಿ ನ್ಯಾಯಾಲಯಕ್ಕೆ ಹೋದರು. ವಾಯಿದೆ ಮೀರಿತೆಂದು ದಾವೆ ವಜಾ ಆಯಿತು. ಕ್ಲಿಗ್‌ಮನ್ನನು ಶಾಶ್ವತವಾದ ಹಾನಿ ಯಾರಿಗೂ ಆಗಲಿಲ್ಲವೆಂದು ಸಾಧಿಸುತ್ತ 2010ರಲ್ಲಿ ತೀರಿಕೊಂಡನು. 2021ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ವೈದ್ಯಶಾಲೆಯೂ, 2022ರಲ್ಲಿ ಫಿಲಡೆಲ್ಫಿಯಾ ನಗರವೂ ಕ್ಷಮೆ ಕೇಳಿದವು. ಅಷ್ಟರಲ್ಲಿ ಕ್ಷಮಿಸಬೇಕಾದವರಲ್ಲಿ ಬಹುಮಂದಿ ಇರಲಿಲ್ಲ. ಕಾಲವನ್ನು ತಡೆಯುವ ಲೇಪಕ್ಕಾಗಿ ಮೈಯೊಡ್ಡಿದವರಿಗೆ, ಕಾಲ ಮೀರಿತೆಂಬ ಉತ್ತರ ದೊರೆಯಿತು.

ಮತ್ತೆ ನೀಲಾಂಜನೆಯ ಕಡೆಗೆ ಹೋಗೋಣ. ಚರ್ಮವು ಕ್ಷಣಕ್ಷಣಕ್ಕೂ ಅಳಿದು ಇನ್ನೊಂದು ಅದರ ಜಾಗದಲ್ಲಿ ನಿಲ್ಲುವುದೆಂದು ಮೊದಲಲ್ಲಿ ಹೇಳಿದೆ. ಆದರೆ ಗಾಯ ಒಳಚರ್ಮಕ್ಕೆ ಇಳಿದಾಗ ದೇಹವು ಅದನ್ನು ಮುಚ್ಚುವುದೂ ಆ ಕೊಲಾಜನ್ನಿನಿಂದಲೇ, ಅವಸರದಲ್ಲಿ, ಒಡ್ಡೊಡ್ಡಾಗಿ. ಅದನ್ನೇ ನಾವು ಕಲೆಯೆನ್ನುತ್ತೇವೆ. ಮೇಲಿನ ಪೊರೆ ಎಷ್ಟು ಬಾರಿ ಬದಲಾದರೂ ಕಲೆ ಬದಲಾಗದು. ಹೋಗುವ ಚರ್ಮ ಬರುವ ಚರ್ಮಕ್ಕೆ ಅದನ್ನು ಒಪ್ಪಿಸಿಯೇ ಹೋಗುತ್ತದೆ. ಹೋಮ್ಸ್‌ಬರ್ಗಿನಿಂದ ಹೊರಬಂದವರ ಬೆನ್ನಿನ ಮೇಲೆ ಪಟ್ಟಿ ಅಂಟಿಸಿದ ಚೌಕಗಳು ಪಗಡೆಯ ಹಾಸಿನ ಮನೆಗಳಂತೆ ಸಾಲುಸಾಲಾಗಿ ಮುಪ್ಪಿನವರೆಗೂ ಉಳಿದಿದ್ದವು. ಕಣ್ಣೆದುರಿಗೆ ಇದ್ದುದು ಇಲ್ಲವಾದುದನ್ನು ಆದಿದೇವನು ಕಂಡನು, ಅದರಿಂದ ಆತನಿಗೆ ಮೋಕ್ಷದ ದಾರಿ ತೆರೆಯಿತು. ಅಷ್ಟು ದೊಡ್ಡ ಕಣ್ಣು ನಮಗಿಲ್ಲ. ಇಲ್ಲವಾಗದೆ ಉಳಿದುದನ್ನಾದರೂ, ಕನ್ನಡಿಯ ಮುಂದೆ ಬೆರಳ ತುದಿಯಲ್ಲಿ ಲೇಪವನ್ನು ಹಿಡಿದು ನಿಂತ ಹೊತ್ತಿನಲ್ಲಿ, ನಾವು ಕಾಣಬಹುದು.